ಮುಂಬೈಯಲ್ಲಿ ಕ್ಯಾಪ್ಸೂಲ್ ವಾರ್ಡ್‌ರೋಬ್‌ಗೆ ಎಷ್ಟು ಬಟ್ಟೆ ಇಟ್ಕೋಬೇಕು?

ಮೈಸೂರಿಂದ ಕೆಲಸಕ್ಕೆ ಅಂತ ಮುಂಬೈಗೆ ಬರ್ತಿದೀನಿ, ಘಾಟ್ಕೋಪರ್ ಕಡೆ ಒನ್ ಆರ್‌ಕೆ (ಒಂದು ರೂಮು, ಒಂದು ಅಡುಗೆಮನೆ) ಮನೆ, ಇರೋದು ಒಂದೇ ಕಪಾಟು, ಕ್ಯಾಪ್ಸೂಲ್ ವಾರ್ಡ್‌ರೋಬ್‌ಗೆ, ಅಂದ್ರೆ ಒಂದಕ್ಕೊಂದು ಹೊಂದೋ ಕೆಲವೇ ಬಟ್ಟೆಯಲ್ಲಿ ನಡೆಸೋಕೆ, ಎಲ್ಲರೂ 33 ಅಂತಾರೆ, ಅಷ್ಟು ಸಾಕಾ ಅಂತ ಕೇಳಿದೀರ. ನನ್ನ ಪ್ರಕಾರ ನಂಬರ್ ಆಮೇಲೆ. ಮೊದ್ಲು ಒಗೆದ ಬಟ್ಟೆ ಜುಲೈನಲ್ಲಿ ಎಷ್ಟು ದಿನಕ್ಕೆ ಒಣಗತ್ತೆ, ಒಂದ್ಸಲಕ್ಕೆ ಎಷ್ಟು ಬಟ್ಟೆ ಒಣಹಾಕೋಕೆ ಜಾಗ ಇದೆ, ಈ ಎರಡು ನೋಡ್ಕೊಳ್ಳಿ. ಕಮ್ಮಿ ಅಂದ್ರೆ ಎಷ್ಟು ಬೇಕು ಅನ್ನೋದು ಮೊದಲನೇದ್ರಿಂದ ಗೊತ್ತಾಗತ್ತೆ, ಜಾಸ್ತಿ ಅಂದ್ರೆ ಎಷ್ಟು ಅನ್ನೋದು ಎರಡನೇದ್ರಿಂದ.

ಆ 33 ಬಂದಿದ್ದು ಕೋರ್ಟ್ನಿ ಕಾರ್ವರ್ ಅನ್ನೋ ಅಮೆರಿಕದವರು 2010ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ 333ಯಿಂದ, 3 ತಿಂಗಳಿಗೆ 33 ಐಟಂ. ಅದ್ರಲ್ಲಿ ಚಪ್ಪಲಿ, ಒಡವೆ ಎಲ್ಲ ಲೆಕ್ಕಕ್ಕೆ ಬರತ್ತೆ, ಒಳಬಟ್ಟೆ, ಮಲಗೋವಾಗ ಮತ್ತೆ ಮನೇಲಿ ಹಾಕೋ ಬಟ್ಟೆ ಬರಲ್ಲ, ಇದನ್ನ ತುಂಬಾ ಜನ ಗಮನಿಸಲ್ಲ. ಚಳಿಗಾಲದ್ದು ಬೇರೆ ಬೇಸಿಗೇದು ಬೇರೆ ಅಂತ ಇರೋ ದೇಶಕ್ಕೆ ಮೂರು ಮೂರು ತಿಂಗಳ ಲೆಕ್ಕ ಸರಿ. ಮುಂಬೈಯಲ್ಲಿ ಸ್ವೆಟರ್ ಬೇಕಾಗೋ ಚಳಿನೇ ಇಲ್ಲ, ಇಲ್ಲಿರೋದು ಮಳೆಗಾಲ ಮತ್ತೆ ಮಳೆ ಇಲ್ಲದ ಕಾಲ ಅಷ್ಟೇ.

ಆ ಮಳೆ ಎಂಥದ್ದು ಅಂತ ನಿಮಗೆ ಮೈಸೂರಲ್ಲಿ ಕೂತು ಅಂದಾಜಾಗಲ್ಲ. ಮುಂಬೈಯ ಮಳೆ ಅಳೆಯೋ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳ ಸರಾಸರಿ 800 ಮಿ.ಮೀ.ಗಿಂತ ಜಾಸ್ತಿ, ಹೆಚ್ಚುಕಮ್ಮಿ ನಿಮ್ಮೂರಿನ ವರ್ಷದ ಮಳೆ. ನೀರಿಗಿಂತ ಕಷ್ಟ ಗಾಳಿಯಲ್ಲಿರೋ ತೇವದ್ದು, ಬಟ್ಟೆಯಿಂದ ನೀರು ಬಿಟ್ಟುಹೋಗಲ್ಲ, ಫ್ಯಾನ್ ಕೆಳಗೆ ಹಾಕಿದ್ರೂ ಕಾಟನ್ ಕುರ್ತಾ ಎರಡು ದಿನ ತಗೊಳತ್ತೆ, ಜೀನ್ಸ್ ಮೂರು ದಿನ ಆದ್ರೂ ಸೊಂಟದ ಪಟ್ಟಿ, ಜೇಬಿನ ಒಳಗಡೆ ತಣ್ಣಗೇ ಇರತ್ತೆ, ಅದನ್ನ ಹಾಗೇ ಮಡಚಿಟ್ರೆ ಮುಗ್ಗಲು ವಾಸನೆ ಹಿಡಿಯತ್ತೆ, ಆಮೇಲೆ ಇಸ್ತ್ರಿ ಹಾಕಿದ್ರೂ ಹೋಗಲ್ಲ, ಮತ್ತೆ ಒಗೀಬೇಕು.

ಇನ್ನು ಜಾಗ. ಇಲ್ಲಿ ತುಂಬಾ ಮನೆಗಳಲ್ಲಿ ಸೀಲಿಂಗ್ ಹತ್ರ ಉದ್ದಕ್ಕೆ ಸ್ಟೀಲ್ ಪೈಪ್ ಹಾಕಿಸಿರ್ತಾರೆ, ಗೋಡೆಗೆ ಕಟ್ಟಿರೋ ಹಗ್ಗ ಬಿಚ್ಚಿ ಸಡಿಲ ಬಿಟ್ರೆ ಪೈಪ್ ಕೆಳಗಿಳಿಯತ್ತೆ, ಒದ್ದೆ ಬಟ್ಟೆ ಹರಡಿ ಹಗ್ಗ ಎಳೆದು ಕಟ್ಟಿದ್ರೆ ತಲೆ ಮೇಲೆ ಹೋಗ್ಬಿಡತ್ತೆ. ಒನ್ ಆರ್‌ಕೆಯಲ್ಲಿ ಇಂಥವು ನಾಲ್ಕು ಸಿಕ್ಕಿದ್ರೆ ದೊಡ್ಡದು. ಒಂದು ಪೈಪಿಗೆ ಎರಡು ಕುರ್ತಾ, ಒಂದು ಪ್ಯಾಂಟ್ ಹಿಡಿಯತ್ತೆ, ಇನ್ನೊಂದು ತುರುಕಿದ್ರೆ ಒಂದಕ್ಕೊಂದು ಅಂಟ್ಕೊಂಡು ಯಾವುದೂ ಒಣಗಲ್ಲ. ಬಟ್ಟೆ ಜಾಸ್ತಿ ಇದ್ರೆ ಏನಾಗತ್ತೆ ಅಂದ್ರೆ, ಇನ್ನೂ ಇದಾವಲ್ಲ ಅಂತ ಒಗೆಯೋದನ್ನ ಮುಂದೂಡ್ತೀವಿ, ಹತ್ತು ದಿನದ್ದು ಒಟ್ಟಿಗೆ ಒಗೀತೀವಿ, ಅಷ್ಟನ್ನೂ ಹಾಕೋಕೆ ಪೈಪೇ ಇರಲ್ಲ. ಅದಕ್ಕೇ ಈ ಊರಲ್ಲಿ ಕಮ್ಮಿ ಬಟ್ಟೆ ಇಟ್ಕೊಳ್ಳೋದು ಫ್ಯಾಷನ್ ವಿಷಯ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳೋದು.

ಈಗ ಲೆಕ್ಕ. ವಾರಕ್ಕೆ ಎರಡ್ಸಲ ಒಗೀತೀರ ಅಂದ್ಕೊಳ್ಳಿ, ಬುಧವಾರ ಮತ್ತೆ ಭಾನುವಾರ. ನಡುವೆ ಹೆಚ್ಚಂದ್ರೆ ನಾಲ್ಕು ದಿನ, ಲೋಕಲ್ ರೈಲಲ್ಲಿ ಹೋಗಿ ಬಂದ ಮೇಲೆ ಅದೇ ಕುರ್ತಾ ಮಾರನೇ ದಿನ ಹಾಕೋಕೆ ಸಾಧ್ಯನೇ ಇಲ್ಲ, ಹಾಗಾಗಿ ದಿನಕ್ಕೊಂದು. ಒಣಗೋಕೆ ಎರಡು ದಿನ, ಇಸ್ತ್ರಿಗೆ ಕೊಟ್ಟು ವಾಪಸ್ ಬರೋಕೆ ಒಂದು ದಿನ, ಕೆಸರು ಹಾರಿ ಹಾಳಾಗಿದ್ದಕ್ಕೆ ಬದಲಿ ಅಂತ ಒಂದು. ಒಟ್ಟು ಎಂಟು ಕುರ್ತಾ ಅಥವಾ ಟಾಪ್. ಮಳೆ ಇಲ್ಲದಾಗ ಆರು ಸಾಕು, ಆದ್ರೆ ಮಳೆಗಾಲಕ್ಕೆ ಅಂತ ಬೇರೆ ಸೆಟ್ ಮಾಡ್ಕೋಬೇಡಿ, ಎಂಟನ್ನೇ ವರ್ಷಪೂರ್ತಿ ಹಾಕಿ. ಕೆಳಗೆ ಹಾಕೋದು ನಾಲ್ಕು, ಅದ್ರಲ್ಲಿ ಜೀನ್ಸ್ ಒಂದೇ ಒಂದು, ಉಳಿದಿದ್ದು ತೆಳು ಬಟ್ಟೇದು, ಪಾದದಿಂದ ಸ್ವಲ್ಪ ಮೇಲೇ ನಿಲ್ಲೋ ಥರದ್ದು, ಬಿಳಿ ಲೆಗ್ಗಿಂಗ್ಸ್ ಮಾತ್ರ ತರಲೇಬೇಡಿ. ಹೊರಗೆ ಹೋಗೋಕೆ ಚೆನ್ನಾಗಿರೋದು ಮೂರು. ಆಫೀಸಿನ ಏಸಿಗೆ ಒಂದು ಶ್ರಗ್, ಒಂದು ರೇನ್‌ಕೋಟ್. ಕಾಲಿಗೆ ಮೂರು ಜೊತೆ, ಒಂದು ನೀರಲ್ಲಿ ನಡೆಯೋ ರಬ್ಬರ್ ಚಪ್ಪಲಿ, ಒಂದು ಸಾಧಾರಣದ್ದು, ಇನ್ನೊಂದು ಆಫೀಸಿನ ಡ್ರಾಯರ್‌ನಲ್ಲೇ ಇರೋದು. ಇಲ್ಲಿಗೆ 20 ಆಯ್ತು.

ಒಳಬಟ್ಟೆ ಈ ಲೆಕ್ಕದಲ್ಲಿ ಬೇಡ, ಅದ್ರಲ್ಲಿ ಜಿಪುಣತನ ಮಾಡ್ಬೇಡಿ, ಹನ್ನೆರಡು ಇರ್ಲಿ, ಅರ್ಧ ಒಣಗಿದ್ದು ಹಾಕ್ಕೊಂಡು ಚರ್ಮಕ್ಕೆ ಫಂಗಸ್ ಬಂದ್ರೆ ಗುಣ ಆಗೋಕೆ ವಾರಗಟ್ಟಲೆ ಬೇಕು. ಮನೇಲಿ ಹಾಕೋಕೆ ನಾಲ್ಕು ಜೊತೆ, ಮಳೇಲಿ ನೆನೆದು ಬಂದು ಬದಲಾಯಿಸೋ ದಿನಗಳೇ ಜಾಸ್ತಿ.

ಸೀರೆ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಅಮ್ಮ ಕೊಟ್ಟಿದ್ದು, ಅತ್ತೆ ಕೊಟ್ಟಿದ್ದು ಅಂತ ಮೈಸೂರು ಸಿಲ್ಕ್ ಎಲ್ಲ ಹೊತ್ಕೊಂಡು ಬರ್ಬೇಡಿ. ಇಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಇರತ್ತೆ, ಮದುವೆ ಮುಂಜಿ ಇರತ್ತೆ, ಉಡೋಕೆ ಸಂದರ್ಭ ಖಂಡಿತ ಸಿಗತ್ತೆ, ಅದಕ್ಕೆ ಐದು ಸಾಕು. ಆರಿಸೋವಾಗ ಸೀರೆ ನೋಡ್ಬೇಡಿ, ರವಿಕೆ ಹಾಕಿ ನೋಡಿ. ಇವತ್ತು ಮೈಗೆ ಸರಿಯಾಗಿ ಕೂರೋ ರವಿಕೆ ಯಾವ ಸೀರೆದೋ ಆ ಸೀರೆ ಬರ್ಲಿ, ಮಿಕ್ಕಿದ್ದು ಅಮ್ಮನ ಬೀರುವಿನಲ್ಲೇ ಇರ್ಲಿ, ಮೈಸೂರಿನ ಗಾಳಿ ರೇಷ್ಮೆಗೆ ಒಳ್ಳೇದು. ಇಲ್ಲಿ ತುಂಬಿ ತುಳುಕೋ ಕಪಾಟಿನಲ್ಲಿ ಗಾಳಿ ಆಡಲ್ಲ, ಆಗಸ್ಟ್ ಹೊತ್ತಿಗೆ ಲೆದರ್ ಬೆಲ್ಟ್ ಮೇಲೆ ಬಿಳಿ ಬೂಷ್ಟು ಬಂದಿರತ್ತೆ, ಅದು ಪಕ್ಕದ ರೇಷ್ಮೆಗೂ ಹತ್ತತ್ತೆ. ತಂದ ಐದನ್ನ ಪ್ಲಾಸ್ಟಿಕ್ ಕವರಲ್ಲಿ ಇಡ್ಬೇಡಿ, ಹಳೇ ಕಾಟನ್ ಪಂಚೇಲಿ ಸುತ್ತಿಡಿ, ನುಸಿಗುಳಿಗೆ ಜರಿಗೆ ತಾಗದ ಹಾಗೆ ನೋಡ್ಕೊಳ್ಳಿ, ಮಧ್ಯೆ ಮಧ್ಯೆ ಮಡಿಕೆ ಬದಲಾಯಿಸಿ.

ಆ 20ಕ್ಕೆ ಈ ಐದು ಸೀರೆ ಸೇರಿ 25. ನಿಮ್ಮ ಆಫೀಸು ವಾರಕ್ಕೆ ಮೂರೇ ದಿನ ಆದ್ರೆ 22ಕ್ಕೂ ಇಳಿಸ್ಬಹುದು, ಒಗೆಯೋದು ವಾರಕ್ಕೆ ಒಂದೇ ಸಲ ಅಂದ್ರೆ ಕುರ್ತಾ ಹನ್ನೊಂದು ಬೇಕಾಗತ್ತೆ, ಆಗ ಮನೆ ನೋಡೋಕೆ ಹೋದಾಗ್ಲೇ ಪೈಪ್ ಎಷ್ಟಿದೆ ಅಂತ ತಲೆ ಎತ್ತಿ ನೋಡಿ. 33 ತುಂಬ್ಲೇಬೇಕು ಅಂತ ಏನನ್ನೂ ಕೊಳ್ಳೋಕೆ ಹೋಗ್ಬೇಡಿ. ಏನಾದ್ರೂ ಕಮ್ಮಿ ಬಿದ್ರೆ ದಾದರ್ ಹಿಂದ್‌ಮಾತಾದಲ್ಲಿ ಬಟ್ಟೆ ಅಂಗಡಿಗಳ ಸಾಲೇ ಇದೆ, ಘಾಟ್ಕೋಪರ್‌ನಿಂದ ಸೆಂಟ್ರಲ್ ಲೈನ್‌ನಲ್ಲಿ ದೂರ ಏನಿಲ್ಲ. ಹಳೇದಾಗಿದ್ದನ್ನ ಹಾಕೋದು ಬಿಟ್ಮೇಲೆ ಕಪಾಟಿನಲ್ಲಿ ಪೇರಿಸಿಡ್ಬೇಡಿ, ಬಿಲ್ಡಿಂಗ್ ಹತ್ರ ಬುಟ್ಟಿ ಹೊತ್ಕೊಂಡು ಭಾಂಡೇವಾಲಿಯರು ಬರ್ತಾರೆ, ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡ್ತಾರೆ. ಜರಿ ಸೀರೆ, ಜೀನ್ಸ್ ಕೊಟ್ರೆ ಪಾತ್ರೆ ದೊಡ್ಡದು ಕೇಳಿ, ಚೌಕಾಸಿ ಮಾಡಿದ್ರೆ ಕೊಡ್ತಾರೆ, ಹೊಸ ಮನೆಗೆ ಡಬ್ಬ ಹೇಗೂ ಬೇಕಲ್ಲ.