ಗಾಜಿನಂಥ ಬ್ಯಾಟರಿ ಇರುತ್ತಾ?

ಪ್ರಶ್ನೆ: ಸರ್, ನಮ್ಮದು ಸಂಡೂರು. ಆಚೆಯದು ಈಚೆಗೆ ಕಾಣುವಂಥ ತೆಳು ಪದರದಲ್ಲೂ ಕರೆಂಟ್ ಕೂಡಿಡಬಹುದು ಅಂತಾಳೆ ಮಗಳು. ನಿಜಾನಾ, ಸುಮ್ನೆ ಹೇಳ್ತಾಳಾ?
– ಓದುಗರೊಬ್ಬರು, ಬಳ್ಳಾರಿ ಜಿಲ್ಲೆ

ಉತ್ತರ: ಮಗಳು ಹೇಳಿದ್ದು ನಿಜ. ನಿಮ್ಮ ಮೊಬೈಲನ್ನೇ ನೋಡಿ, ಟಚ್ ಸ್ಕ್ರೀನ್‌ನಲ್ಲಿ ಸಾಮಾನ್ಯವಾಗಿ ಇಂಡಿಯಂ ಟಿನ್ ಆಕ್ಸೈಡ್‌ನ ಪದರ ಇರುತ್ತದೆ, ಅದರಲ್ಲಿ ಕರೆಂಟ್ ಹರಿಯುತ್ತದೆ, ಆದರೂ ಅದು ಕಣ್ಣಿಗೆ ಕಾಣಲ್ಲ. ಆದರೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಇಂಡಿಯಂ ಅನ್ನೋ ಲೋಹ ದುಬಾರಿ ಬೇರೆ. ಅದಕ್ಕೇ ಗ್ರಾಫೀನ್ (ಪರಮಾಣುವಿನಷ್ಟು ತೆಳು ಇಂಗಾಲದ ಹಾಳೆ), ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ), ಕೂದಲಿಗಿಂತ ಎಷ್ಟೋ ತೆಳುವಾದ ಬೆಳ್ಳಿಯ ನ್ಯಾನೊ ಎಳೆಗಳ ಮೇಲೆ ಎಲ್ಲರ ಕಣ್ಣು. ಒಂದೇ ಪದರದ ಗ್ರಾಫೀನ್ ಹೀರಿಕೊಳ್ಳುವುದು ಶೇ. 2.3ರಷ್ಟು ಬೆಳಕು, ಅಷ್ಟೇ! ಇಂಥವನ್ನು ಎಲೆಕ್ಟ್ರೋಡ್ (ಕರೆಂಟ್ ಒಳಗೆ ಹೊರಗೆ ಹೋಗುವ ತುದಿ) ಮಾಡಿ, ಬೇಗ ಚಾರ್ಜ್ ಆಗುವ ಸೂಪರ್‌ಕೆಪಾಸಿಟರ್, ಅಂದರೆ ಬ್ಯಾಟರಿಯಂತೆ ಕರೆಂಟ್ ಕೂಡಿಡುವ ಸಾಧನ, ಕಟ್ಟುತ್ತಾರೆ.

ತೊಡಕು ಇರೋದು ಇಲ್ಲೇ. ಚಾರ್ಜ್ ಜಾಸ್ತಿ ಹಿಡಿಯಬೇಕಾದರೆ ಪದರ ದಪ್ಪ ಬೇಕು, ದಪ್ಪ ಆದರೆ ಮಬ್ಬಾಗುತ್ತದೆ. ಕೆಲವರು ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಮಾಡಿ, ಎಳೆಗಳ ಮೇಲೆ ಮಾತ್ರ ಚಾರ್ಜ್ ಹಿಡಿಯುವ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸುತ್ತಾರೆ, ಬೆಳಕು ಕಿಂಡಿಗಳಲ್ಲಿ ದಾಟುತ್ತದೆ. ಮ್ಯಾಂಗನೀಸ್ ಅಂದರೆ ನಿಮ್ಮೂರ ಗುಡ್ಡದ ಅದಿರೇ, ಅಲ್ವಾ?

ಹಾಗಂತ ಮನೆಯ ಇನ್ವರ್ಟರ್ ಮಾರಿಬಿಡಬೇಡಿ. ಇದು ಸದ್ಯ ಸಣ್ಣ ಸೆನ್ಸರ್‌ನಂಥವಕ್ಕೆ ಸಾಕು, ಬಳ್ಳಾರಿ ಬಿಸಿಲಲ್ಲಿ ಫ್ಯಾನ್ ತಿರುಗಿಸುವಷ್ಟಲ್ಲ.