ಸದನದಲ್ಲಿ ಗಲಾಟೆಯಾದರೆ ಪೊಲೀಸರ ಬದಲು ಮಾರ್ಷಲ್‌ಗಳನ್ನು ಕರೆಯುವುದೇಕೆ?

ಸಂಸತ್ತಿನಲ್ಲಾಗಲಿ ವಿಧಾನಸಭೆಯಲ್ಲಾಗಲಿ, ಸದನದ ಒಳಗೆ ಶಿಸ್ತು ಕಾಯುವ ಅಧಿಕಾರ ಪೀಠದಲ್ಲಿ ಕೂತವರದ್ದು, ಅಂದರೆ ಸ್ಪೀಕರ್ ಅಥವಾ ಸಭಾಪತಿಯದ್ದು. ಮಾರ್ಷಲ್ ಅವರ ಕೈಕೆಳಗಿನ ಅಧಿಕಾರಿ.

ಪೊಲೀಸರು ಸರ್ಕಾರದ ಅಧೀನದಲ್ಲಿರುತ್ತಾರೆ. ಸರ್ಕಾರವನ್ನೇ ಪ್ರಶ್ನಿಸುವ ಶಾಸಕರನ್ನು ಅದೇ ಸರ್ಕಾರದ ಪೊಲೀಸರು ಎತ್ತಿ ಹೊರಗೆ ಹಾಕುವಂತಿದ್ದರೆ ವಿರೋಧ ಪಕ್ಷದ ಗತಿ ಏನು, ಅಲ್ವಾ? ಅದಕ್ಕೇ ಸದನಕ್ಕೆ ತನ್ನದೇ ಸಿಬ್ಬಂದಿ.

ಆದರೆ ಮಾರ್ಷಲ್ ಸುಮ್ನೆ ಯಾರ ಮೈಮೇಲೂ ಕೈ ಹಾಕುವಂತಿಲ್ಲ. ಲೋಕಸಭೆಯ ನಿಯಮ 373ರ ಪ್ರಕಾರ, ತೀರಾ ಅಶಿಸ್ತು ತೋರಿದ ಸದಸ್ಯರಿಗೆ ಹೊರಗೆ ಹೋಗಲು ಮೊದಲು ಸ್ಪೀಕರ್ ಹೇಳಬೇಕು. ಹೋಗದಿದ್ದರೆ, ಪೀಠದ ಆದೇಶದ ಮೇಲೆ ಮಾರ್ಷಲ್ ಕರೆದೊಯ್ಯಬಹುದು.

ಟಿವಿಯಲ್ಲಿ ಕಾಣುವುದು ಬರೀ ಈ ತಳ್ಳಾಟ. ಉಳಿದ ದಿನಗಳಲ್ಲಿ, ಉದಾಹರಣೆಗೆ ರಾಜ್ಯಸಭೆಯಲ್ಲಿ, ಸಭಾಪತಿ ಬರುವುದನ್ನು ಘೋಷಿಸುವುದು, ಪೀಠದ ಪಕ್ಕ ನಿಂತು ಕಾಗದಪತ್ರ ಜೋಡಿಸಿಕೊಡುವುದೇ ಜಾಸ್ತಿ.