ಕೂಗಿದರೆ ತಿರುಗುವ ಹೆಸರು

ತಂಗೀ, ನಿನ್ನ ಪತ್ರ ಓದಿದೆ. ಮ್ಯೂನಿಕ್‌ಗೆ ಬಂದು ಎಂಟು ತಿಂಗಳಾಯಿತು, ನಿನಗೀಗ ಏಳನೇ ತಿಂಗಳು, ಗಂಡು ಅಂತ ಸ್ಕ್ಯಾನ್‌ನಲ್ಲಿ ಹೇಳಿದ್ದಾರೆ ಅಂತ ಬರೆದಿದ್ದೀಯ. ಕೇಳಿ ತುಂಬಾ ಖುಷಿಯಾಯಿತು. "ಎಲ್ಲರ ಮನೆಯಲ್ಲೂ ಇರುವ ಹೆಸರು ಬೇಡ ಅಕ್ಕಾ. ಬೇರೆ ಬೇರೆ ದೇಶದ ಹೆಸರು ಹುಡುಕಿ ನಾಲ್ಕು ಇಟ್ಟುಕೊಂಡಿದ್ದೀವಿ: ಕಾಯ್, ಅರಿ, ಆರ್ಯನ್, ಮಿಲನ್. ಇಲ್ಲಿಗೂ ಊರಿಗೂ ಸರಿಹೋಗೋದು ಯಾವುದು?" ಅಂತ ಕೇಳಿದ್ದೀಯ. ಜೊತೆಗೆ ಅಮ್ಮನ ವೀಸಾ, ಬಾಣಂತನ, ಮಗುವಿನ ಪಾಸ್‌ಪೋರ್ಟ್ ವಿಷಯ.

ಅವನ್ನೆಲ್ಲ ಬೇಗ ಮುಗಿಸಿಬಿಡ್ತೀನಿ. ಅಮ್ಮನಿಗೆ ವಿಸಿಟರ್ ವೀಸಾದಲ್ಲಿ ಹೆಚ್ಚೆಂದರೆ 90 ದಿನ, ಹೆರಿಗೆಗೆ ಎರಡು ವಾರ ಮುಂಚೆ ಬರಲಿ. ಬಾಣಂತಿಯನ್ನು ನೋಡಿಕೊಳ್ಳಲು ಹೆಬಾಮೆ, ಅಂದರೆ ನಮ್ಮ ಸೂಲಗಿತ್ತಿಯ ಹಾಗೆ, ಮನೆಗೇ ಬರುತ್ತಾಳೆ. ಖರ್ಚು ಇನ್ಶೂರೆನ್ಸ್‌ನವರದು. ಈಗಾಗಲೇ ತಡವಾಗಿದೆ, ನಾಳೆಯೇ ಫೋನ್ ಹಚ್ಚು. ನಿಮ್ಮಿಬ್ಬರಿಗೂ ಇಲ್ಲಿ ಐದು ವರ್ಷ ಆಗಿಲ್ಲ, ಹಾಗಾಗಿ ಮಗು ಭಾರತದ ಪ್ರಜೆಯೇ. ಆದರೆ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಲೇಬೇಕು. ಮೆಂತ್ಯ, ಓಮ, ಒಣಶುಂಠಿ ಎಲ್ಲ ಇಲ್ಲೇ ಸಿಗುತ್ತೆ, ಸೂಟ್‌ಕೇಸ್ ತುಂಬಿಸಬೇಡಿ.

ಇನ್ನು ಹೆಸರು. ಇದನ್ನು ಹಾಗೆ ಎರಡು ಸಾಲಿನಲ್ಲಿ ಹೇಳಿ ಮುಗಿಸಲು ನನ್ನಿಂದ ಆಗಲ್ಲ.

ನಾವು ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿಗೆ ಬಂದಿದ್ದು 2004ರಲ್ಲಿ. ಆ ಊರಿಗೆ ನಮ್ಮದೊಂದೇ ಕನ್ನಡದ ಮನೆ. 2007ರಲ್ಲಿ ಮಗ ಹುಟ್ಟಿದ. ಉತ್ತರಾಷಾಢ ನಾಲ್ಕನೇ ಪಾದ, 'ಜೀ' ಅಕ್ಷರ ಬಂತು. ತಿಪಟೂರಿನಿಂದ ಅಪ್ಪ ಫೋನ್ ಮಾಡಿ, "ಜೀವನ್ ಅಂತ ಇಡಮ್ಮ. ನಮ್ಮ ವಂಶದಲ್ಲಿ ಇನ್ನೂ ಯಾರಿಗೂ ಇಟ್ಟಿಲ್ಲ" ಅಂದರು. ಹನ್ನೊಂದನೇ ದಿನ ಇಲ್ಲೇ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಲ್ಲಿ ಬರೆದು, ಫೋನನ್ನೇ ಮಗುವಿನ ಕಿವಿಗೆ ಹಿಡಿದೆವು. ಅಪ್ಪ ಮೂರು ಸಲ ಹೇಳಿದರು.

ಕಾಗದದ ಮೇಲೆ ಅದನ್ನು ಇಂಗ್ಲಿಷಿನವರ ಹಾಗೆ ಜೆ, ಎರಡು ಇ, ವಿ ಹಾಕಿ ಬರೆದೆವು. ಚುಚ್ಚುಮದ್ದಿಗೆ ಹೋದ ದಿನ ನರ್ಸ್ ಬಾಗಿಲಲ್ಲಿ ನಿಂತು "ಯೇಫಾನ್" ಅಂತ ಕರೆದಳು. ನಮ್ಮ ಮಗನನ್ನೇ ಕರೀತಿದ್ದಾಳೆ ಅಂತ ನಮಗೇ ಗೊತ್ತಾಗಲಿಲ್ಲ. ಜರ್ಮನ್ನರಿಗೆ ಜೆ ಅಂದರೆ 'ಯ', ಎರಡು ಇ ಸೇರಿದರೆ 'ಏ', ವಿ ಬಹಳ ಸಲ 'ಫ'. ಸ್ವರದ ಮುಂದೆ ಬರುವ ಎಸ್ ಕೂಡ ಅವರ ಬಾಯಲ್ಲಿ 'ಜ಼' ಆಗುತ್ತೆ, ಸುಹಾಸ್ ಹೋಗಿ ಜ಼ುಹಾಸ್. ನಮ್ಮ ಎಷ್ಟು ಹೆಸರುಗಳು ಈ ನಾಲ್ಕು ಅಕ್ಷರಗಳಲ್ಲೇ ನಿಂತಿವೆ ನೋಡು.

ಆಗೆಲ್ಲ ತಿದ್ದುತ್ತಿದ್ದೆ. ಮೂರು ವರ್ಷಕ್ಕೆ ಮಗನನ್ನು ಕೀಟಾಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರಿಸಿದಾಗ ಅಲ್ಲಿನ ಟೀಚರ್, ಒಳ್ಳೆಯ ಹೆಂಗಸೇ, "ಯಾನ್ ಅಂತ ಕರೆಯಬಹುದಾ? ಮಕ್ಕಳಿಗೆ ಸುಲಭ" ಅಂದಳು. ನನ್ನ ಜರ್ಮನ್ ಆಗ ಅಷ್ಟಕ್ಕಷ್ಟೆ. ಮಗು ಬೇಗ ಹೊಂದಿಕೊಳ್ಳಲಿ ಅನ್ನುವ ಆಸೆ ಬೇರೆ. ಹೂಂ ಅಂದೆ. ಕೋಟು ನೇತುಹಾಕುವ ಗೂಟದ ಮೇಲೆ ಯಾನ್ ಅಂತ ಚೀಟಿ ಬಂತು, ಆಮೇಲೆ ಬೂಟಿಗೆ, ಊಟದ ಡಬ್ಬಿಗೆ. ಒಂದು ವರ್ಷದೊಳಗೆ ಮನೆಯಲ್ಲಿ ನಾನೂ ಹಾಗೇ ಕರೆಯುತ್ತಿದ್ದೆ.

2012ರ ಬೇಸಿಗೆಯಲ್ಲಿ ತಿಪಟೂರಿಗೆ ಹೋಗಿದ್ವಿ. ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದರು. ಅಪ್ಪ ಒಂದು ಒಣಗಿದ ಕಾಯಿ ಆರಿಸಿ, ಕಿವಿಯ ಹತ್ತಿರ ಹಿಡಿದು ಗಟಗಟ ಅಲ್ಲಾಡಿಸಿ, ಮೊಮ್ಮಗನಿಗೆ ಆ ಸದ್ದು ಕೇಳಿಸೋಣ ಅಂತ ಕರೆದರು. "ಜೀವಾ." ಅವನು ಅಂಗಳದಲ್ಲಿ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ. "ಜೀವಣ್ಣಾ." ತಿರುಗಲಿಲ್ಲ. "ಲೋ ಜೀವನಾ!" ಊಹೂಂ. ಕಿವಿ ಕೇಳಿಸಲ್ವೇನೋ ಅಂತ ಕೆಲಸದವರೂ ತಿರುಗಿ ನೋಡಿದರು. ನಾನು ಅಡುಗೆಮನೆಯಿಂದ "ಯಾನ್!" ಅಂದ ತಕ್ಷಣ ಕಡ್ಡಿ ಬಿಸಾಕಿ ಓಡಿ ಬಂದ. ಅಪ್ಪ ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಾ ನಿಂತಿದ್ದರು. "ಯಾನ್ ಅಂದ್ರೆ ಯಾರಮ್ಮಾ?" ಅಂತ ಕೇಳಿದರು, ಅಷ್ಟೇ. ಒಂದು ಮಾತು ಬಯ್ಯಲಿಲ್ಲ.

ವಾಪಸ್ ಬಂದ ಮೇಲೆ ಭಾನುವಾರದ ಫೋನಿನಲ್ಲಿ ಅಪ್ಪನೂ "ಯಾನ್ ಏನ್ ಮಾಡ್ತಾವ್ನೆ?" ಅಂತ ಕೇಳಲು ಶುರು ಮಾಡಿದರು. ಮಗುವಿಗೆ ತೊಂದರೆ ಆಗಬಾರದು ಅಂತ, ತಾವೇ ಇಟ್ಟ ಹೆಸರನ್ನು ತಾವೇ ಬಿಟ್ಟುಕೊಟ್ಟರು. 2016ರಲ್ಲಿ ಹೋಗಿಬಿಟ್ಟರು.

ಅದಕ್ಕೇ ನಿನ್ನ ನಾಲ್ಕು ಹೆಸರುಗಳನ್ನು ನಾನು ಅರ್ಥ ನೋಡಿ ತೂಗಲಿಲ್ಲ, ನಿಮ್ಮ ಅತ್ತೆಯ ಬಾಯಲ್ಲಿ ಹೇಗೆ ಬರುತ್ತೆ ಅಂತ ನೋಡಿದೆ. ಕಾಯ್ ಇಲ್ಲಿ ಫ್ರೀಸ್‌ಲ್ಯಾಂಡ್ ಕಡೆಯ ಹೆಸರು, ಹವಾಯಿಯವರ ಭಾಷೆಯಲ್ಲಿ ಸಮುದ್ರ. ಚೆನ್ನಾಗೇ ಇದೆ. ಆದರೆ ನಿಮ್ಮ ಅತ್ತೆಗೆ ಅದು ಕೈಯೋ, ತೆಂಗಿನಕಾಯಿಯೋ ಆಗುತ್ತೆ. ಅರಿ ಹೀಬ್ರೂವಿನಲ್ಲಿ ಸಿಂಹ, ಐಸ್‌ಲ್ಯಾಂಡಿನಲ್ಲಿ ಹದ್ದು. ನಮ್ಮಲ್ಲಿ 'ತಿಳಿ' ಅಂತಲೂ ಹೌದು, ಶತ್ರು ಅಂತಲೂ ಹೌದು. ಮಗುವನ್ನು ತೊಟ್ಟಿಲಿಗೆ ಹಾಕುವಾಗ ಪುರೋಹಿತರು ಒಪ್ಪಲಾರರು.

ಆರ್ಯನ್ ಮಾತ್ರ ಬೇಡವೇ ಬೇಡ. ನಮಗೆ ಆರ್ಯ ಅಂದರೆ ಸಜ್ಜನ. ಇಲ್ಲಿ 1933ರ ಏಪ್ರಿಲ್‌ನಲ್ಲಿ 'ಆರ್ಯ ವಂಶದವರಲ್ಲ' ಅನ್ನುವ ಒಂದು ಮಾತಿನಿಂದ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಿದರು. ಆಮೇಲೆ ಏನೇನಾಯಿತು ಅಂತ ನಿನಗೆ ಗೊತ್ತು. ಇತಿಹಾಸದ ಮೇಷ್ಟ್ರು ಆ ಪಾಠ ಮಾಡುವ ದಿನ ನಿನ್ನ ಮಗ ಅದೇ ತರಗತಿಯಲ್ಲಿ ಆ ಹೆಸರು ಹೊತ್ತು ಕೂತಿರಬೇಕಾಗುತ್ತೆ.

ಮಿಲನ್ ನನಗೆ ಇಷ್ಟವಾಯಿತು. ಸ್ಲಾವ್ ಜನರಲ್ಲಿ 'ಪ್ರೀತಿಯವನು' ಅನ್ನುವ ಅರ್ಥದ ಹಳೆಯ ಹೆಸರು, ಜರ್ಮನ್ನರಿಗೂ ಚೆನ್ನಾಗಿ ಪರಿಚಯ. ಓದುವುದರಲ್ಲಿ ತಪ್ಪು ಆಗಲ್ಲ, ನಿಮ್ಮ ಅತ್ತೆ ಮಿಲನಾ ಅಂತ ಎಳೆದು ಕರೆದರೂ ಅದೇ ಹೆಸರು. ಇನ್ನೂ ಅಪರೂಪದ್ದೇ ಬೇಕು ಅಂದರೆ ಓಲೆ ಅಂತ ಇದೆ. ಉತ್ತರ ಜರ್ಮನಿ, ನಾರ್ವೆ ಕಡೆ ಗಂಡುಮಕ್ಕಳಿಗೆ ಇಡುತ್ತಾರೆ, ಉಚ್ಚಾರ ನಮ್ಮ ಓಲೆಯೇ. ರೋಹಿಣಿ ಮೊದಲ ಪಾದ ಬಂದರೆ ಅಕ್ಷರವೂ ಕೂಡುತ್ತೆ. ಐಸ್‌ಲ್ಯಾಂಡಿನವರು ಚಂದ್ರನ ಹೆಸರನ್ನು ಮಗನಿಗೆ ಇಟ್ಟು 'ಮೌನಿ' ಅಂತ ಕರೆಯುತ್ತಾರೆ. ಕೇಳಿದಾಗ ಮೈ ಜುಮ್ಮೆಂದಿತ್ತು ನನಗೆ. ಆದರೆ ಅದನ್ನು ಬರೆಯುವುದು ಮಾನಿ ಅಂತ, ಇಲ್ಲಿಯವರು ಓದುವುದೂ ಹಾಗೇ.

ಆಸ್ಪತ್ರೆಯಲ್ಲಿ ಹೆಸರು ಹೇಳಿ ಅಂತ ಅವಸರ ಮಾಡುತ್ತಾರೆ. ಹೆದರಬೇಡ. ಜನನವನ್ನು ಸ್ಟಾಂಡೆಸಾಮ್ಟ್‌ಗೆ, ಅಂದರೆ ಜನನ-ಮರಣ ನೋಂದಣಿ ಕಚೇರಿಗೆ, ಒಂದು ವಾರದೊಳಗೆ ತಿಳಿಸಬೇಕು ನಿಜ, ಹೆಸರಿಗೆ ಮಾತ್ರ ಒಂದು ತಿಂಗಳ ಅವಕಾಶ ಇದೆ. ನಕ್ಷತ್ರ ನೋಡಿ, ಹನ್ನೊಂದನೇ ದಿನ ಶಾಸ್ತ್ರ ಮುಗಿಸಿಯೇ ಕೊಡು. ಸರ್ಟಿಫಿಕೇಟ್ ಅಷ್ಟು ತಡವಾಗಿ ಬರುತ್ತೆ, ಬರಲಿ. ನಮ್ಮ ಕಾಲದಲ್ಲಿ ಇದು ಗಂಡು ಹೆಸರೇ ಅನ್ನುವುದಕ್ಕೆ ಪುರಾವೆ ಕೇಳಿದ್ದರು. 2008ರ ಡಿಸೆಂಬರ್‌ನಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ, ಹೆಸರಿನಿಂದಲೇ ಗಂಡೋ ಹೆಣ್ಣೋ ಗೊತ್ತಾಗಬೇಕು ಅನ್ನುವ ಕಾನೂನು ಇಲ್ಲ ಅಂತ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಎದ್ದಿದ್ದು ಒಂದು ಹೆಣ್ಣುಮಗುವಿಗೆ ಕಿರಣ್ ಅಂತ ಇಡಲು ಹೊರಟಾಗ. ನಮ್ಮ ಹೆಸರೊಂದು ಈ ದೇಶದಲ್ಲಿ ಎಲ್ಲರಿಗೂ ದಾರಿ ಮಾಡಿಕೊಟ್ಟಿತು ಅಂತ ನನಗೆ ಇವತ್ತಿಗೂ ಹೆಮ್ಮೆ.

ಯಾವ ಹೆಸರೇ ಇಡು, ತಪ್ಪಾಗಿ ಕರೆದ ಮೊದಲ ದಿನವೇ ತಿದ್ದು. ನರ್ಸ್ ಇರಲಿ, ಡಾಕ್ಟರ್ ಇರಲಿ. ಹೇಳಿಕೊಟ್ಟರೆ ಕಲಿಯುತ್ತಾರೆ, ಬೇಜಾರು ಮಾಡಿಕೊಳ್ಳಲ್ಲ. ಯಾನ್ ಅಂತ ಕರೆಯಬಹುದಾ ಅಂದ ದಿನ ನಾನು ಹೇಳಿಕೊಡಲಿಲ್ಲ ಅಷ್ಟೇ.

ಇವತ್ತು ರಾತ್ರಿ ನಿಮ್ಮ ಮಾವನವರಿಗೆ ಫೋನ್ ಮಾಡು. ಹಿತ್ತಲಿನಿಂದ ಬೀದಿಬಾಗಿಲಿಗೆ ಕೇಳುವ ಹಾಗೆ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಕೂಗಿಸು. ಅದನ್ನು ರೆಕಾರ್ಡ್ ಮಾಡಿಟ್ಟುಕೋ. ನಮ್ಮಪ್ಪ ಜೀವಣ್ಣಾ ಅಂದ ದನಿ ನನ್ನ ಹತ್ತಿರ ಒಂದೂ ಇಲ್ಲ.